ಫೆರೆಟ್ ಸೀನಿತು, ಗುಟ್ಟು ಬಯಲಾಯಿತು

ಮಕ್ಕಳೇ, ಗಂಟಲು ನೋವು ಬಂದಾಗ ನೀವು ಉಪ್ಪುನೀರಿನಿಂದ ಗಂಟಲು ಮುಕ್ಕಳಿಸಿ ಉಗುಳುತ್ತೀರಲ್ಲವೆ? ಉಗುಳಿದ ನೀರನ್ನು ಯಾರಾದರೂ ಜೋಪಾನವಾಗಿ ಎತ್ತಿಡುತ್ತಾರೆಯೆ? ಒಬ್ಬ ವಿಜ್ಞಾನಿ ಹಾಗೆ ಎತ್ತಿಟ್ಟರು. ಅದರಿಂದಲೇ ಫ್ಲೂ ಜ್ವರದ ಗುಟ್ಟು ತಿಳಿಯಿತು. ಅವರೇ ವಿಲ್ಸನ್ ಸ್ಮಿತ್.

ಸ್ಮಿತ್ ಹುಟ್ಟಿದ್ದು 1897ರಲ್ಲಿ, ಇಂಗ್ಲೆಂಡಿನಲ್ಲಿ. ಅವರು ತರುಣರಾಗಿದ್ದಾಗ, 1918ರಲ್ಲಿ, ಫ್ಲೂ ಜ್ವರ ಇಡೀ ಜಗತ್ತನ್ನು ನಡುಗಿಸಿತು. ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಆದರೆ ಈ ರೋಗ ತರುವ ರೋಗಾಣು ಯಾವುದೆಂದು ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಅದು ಬ್ಯಾಕ್ಟೀರಿಯಾ ಇರಬೇಕೆಂದು ಅನೇಕರು ನಂಬಿದ್ದರು. ಶತ್ರು ಯಾರೆಂದೇ ಗೊತ್ತಿಲ್ಲದಿದ್ದರೆ ಹೋರಾಡುವುದು ಹೇಗೆ?

ಮುಂದೆ ಸ್ಮಿತ್ ವೈದ್ಯಶಾಸ್ತ್ರ ಓದಿ, ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯನ್ನು ಸೇರಿದರು. 1933ರ ಆರಂಭದಲ್ಲಿ ಅಲ್ಲಿ ಮತ್ತೆ ಫ್ಲೂ ಹರಡಿತು. ಅವರ ಜೊತೆಗಾರ ಕ್ರಿಸ್ಟೋಫರ್ ಆಂಡ್ರ್ಯೂಸ್ ಅವರಿಗೂ ಜ್ವರ ಬಂತು. ಸ್ಮಿತ್ ಅವರಿಗೆ ಗಂಟಲು ಮುಕ್ಕಳಿಸಲು ಹೇಳಿ, ಆ ನೀರನ್ನು ಸಂಗ್ರಹಿಸಿದರು. ಅದರ ಹನಿಗಳನ್ನು ಫೆರೆಟ್‌ಗಳ ಮೂಗಿಗೆ ಬಿಟ್ಟರು. ಫೆರೆಟ್ ಎಂದರೆ ಮುಂಗುಸಿಯಂತೆ ಉದ್ದ ಮೈಯ ಪುಟ್ಟ ಪ್ರಾಣಿ. ಕೆಲವೇ ದಿನಗಳಲ್ಲಿ ಅವು ಸೀನತೊಡಗಿದವು!

ಬ್ಯಾಕ್ಟೀರಿಯಾ ದಾಟಲಾಗದಷ್ಟು ಸಣ್ಣ ರಂಧ್ರಗಳ ಸೋಸುಕದಲ್ಲಿ ರೋಗಿಗಳ ಗಂಟಲಿನ ನೀರನ್ನು ಸೋಸಿ ಕೊಟ್ಟಾಗಲೂ ಫೆರೆಟ್‌ಗಳಿಗೆ ಕಾಯಿಲೆ ಬಂತು. ಅಂದರೆ ರೋಗಾಣು ಬ್ಯಾಕ್ಟೀರಿಯಾಕ್ಕಿಂತ ಚಿಕ್ಕದು. ಅದು ವೈರಸ್!

ಒಂದು ದಿನ ಕಾಯಿಲೆಯ ಫೆರೆಟ್ ಒಂದು ಸ್ಮಿತ್ ಅವರ ಮುಖಕ್ಕೇ ಸೀನಿತು. ಅವರೂ ಜ್ವರದಿಂದ ಮಲಗಿದರು. ಅವರ ಗಂಟಲಿನಲ್ಲೂ ಅದೇ ವೈರಸ್ ಸಿಕ್ಕಿತು. ಅದಕ್ಕೆ ಅವರ ಹೆಸರಿನ ಮೊದಲಕ್ಷರಗಳಿಂದ ಡಬ್ಲ್ಯು.ಎಸ್. ಎಂದು ಹೆಸರಿಟ್ಟರು. 1935ರಲ್ಲಿ ಸ್ಮಿತ್ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸಿ ತೋರಿಸಿದರು. ಇಂದಿಗೂ ಅನೇಕ ಫ್ಲೂ ಲಸಿಕೆಗಳಿಗೆ ವೈರಸ್ಸನ್ನು ಮೊಟ್ಟೆಯಲ್ಲೇ ಬೆಳೆಸುತ್ತಾರೆ. 1965ರಲ್ಲಿ ಸ್ಮಿತ್ ತೀರಿಕೊಂಡರು.

ಈಗ ವೈರಸ್ ಹುಡುಕಲು ಫೆರೆಟ್ ಬೇಕಿಲ್ಲ. ಲಾಲಾರಸದಲ್ಲೋ ಗಂಟಲ ದ್ರವದಲ್ಲೋ ಅದು ಇದೆಯೇ ಎಂಬುದನ್ನು ಯಂತ್ರಗಳು ಕೆಲವೇ ಗಂಟೆಗಳಲ್ಲಿ ತಿಳಿಸುತ್ತವೆ. ಕೊರೊನಾ ಕಾಲದಲ್ಲಿ, 2021ರಲ್ಲಿ, ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳು ಉಪ್ಪುನೀರು ಮುಕ್ಕಳಿಸಿ ಕೊಟ್ಟರೆ ಸಾಕಾಗುವ ಪರೀಕ್ಷೆಯನ್ನು ರೂಪಿಸಿದರು. ಸ್ಮಿತ್ ಅಂದು ಎತ್ತಿಟ್ಟದ್ದೂ ಅಂಥದೇ ನೀರಲ್ಲವೆ?

ಒಂದು ಸೀನು ಏನು ಮಾಡಬಲ್ಲದೆಂದು ನೋಡಿದಿರಿ. ಇನ್ನು ಸೀನು ಬಂದಾಗ ಮರೆಯದೆ ಕರವಸ್ತ್ರ ಅಡ್ಡ ಹಿಡಿಯಿರಿ.