ಲೇಡಿ ಆನ್ ಕ್ಲಿಫರ್ಡ್

ಲೇಡಿ ಆನ್ ಕ್ಲಿಫರ್ಡ್ (ಜನವರಿ 30, 1590 – ಮಾರ್ಚ್ 22, 1676) ಇಂಗ್ಲೆಂಡಿನ ಕುಲೀನ ಮನೆತನವೊಂದರ ವಾರಸುದಾರೆ, ದಿನಚರಿಗಳ ಲೇಖಕಿ ಹಾಗೂ ಕೋಟೆಗಳ ಜೀರ್ಣೋದ್ಧಾರ ಮಾಡಿಸಿದವರು. ತಂದೆಯ ಉಯಿಲಿನಿಂದ ಕೈತಪ್ಪಿದ ಪೂರ್ವಿಕರ ಜಹಗೀರು 38 ವರ್ಷಗಳ ನಂತರ ಇವರಿಗೆ ದೊರೆಯಿತು. ಇಂಗ್ಲೆಂಡಿನ ಭೂ ಉತ್ತರಾಧಿಕಾರದ ಇತಿಹಾಸದಲ್ಲಿ ಇದೊಂದು ಪ್ರಸಿದ್ಧ ಪ್ರಕರಣ.

ಜಹಗೀರಿನ ಹಿನ್ನೆಲೆ

ದೊರೆ ಜಾನ್ 1203ರಲ್ಲಿ ವೆಸ್ಟ್‌ಮೋರ್ಲೆಂಡ್ ಪ್ರಾಂತ್ಯದ ಭೂಮಿಯನ್ನು ರಾಬರ್ಟ್ ಡಿ ವಿಪಾಂಟನಿಗೆ ನೀಡಿದನು. ಮುಂದೆ ಆ ವಂಶದಲ್ಲಿ ಗಂಡು ಸಂತಾನವಿಲ್ಲದೆ ಆಸ್ತಿಯು ಇಬ್ಬರು ಹೆಣ್ಣುಮಕ್ಕಳ ಪಾಲಾಯಿತು. ಅವರಲ್ಲಿ ಇಸಬೆಲ್ಲಾ ರೋಜರ್ ಡಿ ಕ್ಲಿಫರ್ಡನನ್ನು ವರಿಸಿದುದರಿಂದ ಭೂಮಿಯು ಕ್ಲಿಫರ್ಡ್ ಮನೆತನಕ್ಕೆ ಸೇರಿತು. ಈ ದಂಪತಿಗಳ ಮಗ ರಾಬರ್ಟ್ 1310ರಲ್ಲಿ ದೊರೆ ಎರಡನೇ ಎಡ್ವರ್ಡನಿಂದ ಯಾರ್ಕ್‌ಷೈರಿನ ಸ್ಕಿಪ್ಟನ್ ಕೋಟೆಯನ್ನು ಪಡೆದನು.

ಬಾಲ್ಯ

ಆನ್ ಸ್ಕಿಪ್ಟನ್ ಕೋಟೆಯಲ್ಲಿ ಜನಿಸಿದರು. ತಂದೆ ಕಂಬರ್ಲೆಂಡಿನ ಮೂರನೇ ಅರ್ಲ್ ಜಾರ್ಜ್ ಕ್ಲಿಫರ್ಡ್, ತಾಯಿ ಮಾರ್ಗರೆಟ್ ರಸೆಲ್. ನೌಕಾಯಾನಿಯಾಗಿದ್ದ ಜಾರ್ಜ್, 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ದೊರೆತ ಸನ್ನದಿನಲ್ಲಿ ಮೊದಲು ಹೆಸರಿಸಲ್ಪಟ್ಟ ವ್ಯಕ್ತಿ. ಇಬ್ಬರು ಸಹೋದರರೂ ಎಳವೆಯಲ್ಲಿಯೇ ತೀರಿಕೊಂಡುದರಿಂದ ಉಳಿದ ಏಕೈಕ ಸಂತಾನ ಆನ್. ಕವಿ ಸ್ಯಾಮ್ಯುಯೆಲ್ ಡೇನಿಯಲ್ ಇವರ ಗುರುಗಳಾಗಿದ್ದರು.

ಉತ್ತರಾಧಿಕಾರದ ವಿವಾದ

1605ರಲ್ಲಿ ನಿಧನರಾದ ಜಾರ್ಜ್, ಮಗಳಿಗೆ 15,000 ಪೌಂಡುಗಳನ್ನು ಬಿಟ್ಟು ಜಹಗೀರನ್ನು ತಮ್ಮನಾದ ಫ್ರಾನ್ಸಿಸನಿಗೆ ಬರೆದಿದ್ದರು. ಅರ್ಲ್ ಪದವಿ ಪುರುಷರಿಗೆ ಮಾತ್ರ ಸಲ್ಲತಕ್ಕದ್ದಾಗಿತ್ತು. ಆದರೆ ಭೂಮಿಯ ವಿಷಯ ಬೇರೆ. ಎರಡನೇ ಎಡ್ವರ್ಡನ ಕಾಲದ ನಿಬಂಧನೆಯಂತೆ ಅದು ಗಂಡಾಗಲಿ ಹೆಣ್ಣಾಗಲಿ ನೇರ ಸಂತತಿಗೇ ಸೇರಬೇಕೆಂದು ತಾಯಿ ಮಾರ್ಗರೆಟ್ ವಾದಿಸಿದರು. ಹಳೆಯ ದಾಖಲೆಗಳನ್ನು ಹುಡುಕಿಸಿ ಮಗಳ ಪರವಾಗಿ ದಾವೆ ಹೂಡಿದರು.

ಆನ್ 1609ರಲ್ಲಿ ರಿಚರ್ಡ್ ಸ್ಯಾಕ್‌ವಿಲ್‌ರನ್ನು ವಿವಾಹವಾದರು. ವಿವಾಹದ ಬೆನ್ನಲ್ಲೇ ಅವರು ಡಾರ್ಸೆಟ್ಟಿನ ಅರ್ಲ್ ಆದರು. ಹಕ್ಕನ್ನು ಬಿಟ್ಟು ಪರಿಹಾರದ ಹಣ ಪಡೆಯುವಂತೆ ಪತಿ ಒತ್ತಾಯಿಸಿದರು; ಪುಟ್ಟ ಮಗಳನ್ನು ತಾಯಿಯಿಂದ ದೂರವಿರಿಸಿದರು. ತಾಯಿ ಮಾರ್ಗರೆಟ್ 1616ರಲ್ಲಿ ತೀರಿಕೊಂಡ ಮೇಲೆ ಆನ್ ಒಂಟಿಯಾದರು. 1617ರಲ್ಲಿ ದೊರೆ ಒಂದನೇ ಜೇಮ್ಸ್ ಎದುರಿನಲ್ಲಿಯೂ ಅವರು ಒಪ್ಪಿಗೆ ನೀಡಲಿಲ್ಲ. ದೊರೆ ಚಿಕ್ಕಪ್ಪನ ಪರವಾಗಿ ತೀರ್ಪಿತ್ತನು. ಆದರೆ ಅವನ ಗಂಡು ಸಂತತಿ ನಿಂತುಹೋದಲ್ಲಿ ಜಹಗೀರು ಆನ್‌ಗೆ ಮರಳಬೇಕೆಂಬ ಅಂಶ ಅದರಲ್ಲಿತ್ತು.

ಡಾರ್ಸೆಟ್ 1624ರಲ್ಲಿ ನಿಧನರಾದರು. ಆನ್ 1630ರಲ್ಲಿ ಪೆಂಬ್ರೋಕಿನ ಅರ್ಲ್ ಫಿಲಿಪ್ ಹರ್ಬರ್ಟ್‌ರನ್ನು ವರಿಸಿದರು. ಫ್ರಾನ್ಸಿಸನ ಮಗ ಹೆನ್ರಿ 1643ರಲ್ಲಿ ಗಂಡುಮಕ್ಕಳಿಲ್ಲದೆ ಮರಣಹೊಂದಿದಾಗ ಅರ್ಲ್ ಪದವಿ ಕೊನೆಗೊಂಡಿತು. ಭೂಮಿ ಆನ್ ಅವರದಾಯಿತು.

ಜಹಗೀರಿನ ಆಡಳಿತ

ಅಂತರ್ಯುದ್ಧದಿಂದಾಗಿ ಆನ್ 1649ರಲ್ಲಷ್ಟೇ ಉತ್ತರಕ್ಕೆ ತೆರಳಲು ಸಾಧ್ಯವಾಯಿತು. ಯುದ್ಧಾನಂತರ ಪಾರ್ಲಿಮೆಂಟಿನ ಆಜ್ಞೆಯಿಂದ ಕೆಡವಲಾಗಿದ್ದ ಸ್ಕಿಪ್ಟನ್ ಕೋಟೆ, 1521ರಲ್ಲಿ ಬೆಂಕಿಗೆ ಆಹುತಿಯಾಗಿದ್ದ ಬ್ರಫ್ ಕೋಟೆ, ಹಾಗೆಯೇ ಆಪಲ್‌ಬಿ, ಬ್ರೂಮ್ ಮತ್ತು ಪೆಂಡ್ರಾಗನ್ ಕೋಟೆಗಳನ್ನು ದುರಸ್ತಿ ಮಾಡಿಸಿದರು. ಹಲವು ಚರ್ಚುಗಳನ್ನು ಸರಿಪಡಿಸಿ, ಆಪಲ್‌ಬಿಯಲ್ಲಿ ಬಡ ವಿಧವೆಯರಿಗಾಗಿ ಆಶ್ರಯಧಾಮ ಕಟ್ಟಿಸಿದರು. ತಾಯಿಯನ್ನು ಕೊನೆಯ ಬಾರಿ ಬೀಳ್ಕೊಟ್ಟ ಸ್ಥಳದಲ್ಲಿ ಸ್ಮಾರಕ ಸ್ತಂಭವೊಂದನ್ನು ನಿಲ್ಲಿಸಿ, ಪ್ರತಿ ವರ್ಷ ಏಪ್ರಿಲ್ 2ರಂದು ಬಡವರಿಗೆ 4 ಪೌಂಡು ಹಂಚುವ ಏರ್ಪಾಡು ಮಾಡಿದರು. ವಂಶಪಾರಂಪರ್ಯವಾಗಿ ಬಂದ ವೆಸ್ಟ್‌ಮೋರ್ಲೆಂಡಿನ ಷೆರೀಫ್ ಪದವಿಯನ್ನೂ ನಿರ್ವಹಿಸಿದರು. ಆದರೆ ತಮ್ಮ ಹಕ್ಕಿನಲ್ಲಿ ಕಟ್ಟುನಿಟ್ಟಾಗಿದ್ದ ಇವರು ಗೇಣಿಯ ವಿಷಯದಲ್ಲಿ ಒಕ್ಕಲುಗಳ ಮೇಲೂ ದಾವೆ ಹೂಡಿದರು.

ಬರಹಗಳು

ತಾಯಿ ಸಂಗ್ರಹಿಸಿದ ಸನ್ನದು, ವಂಶಾವಳಿಗಳನ್ನು ಆಧರಿಸಿ ಮೂರು ಸಂಪುಟಗಳ ಬೃಹತ್ ದಾಖಲೆ ಗ್ರಂಥಗಳನ್ನು ಸಿದ್ಧಪಡಿಸಿದರು. ಇವರ ದಿನಚರಿಯನ್ನು 1923ರಲ್ಲಿ ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಸಂಪಾದಿಸಿ ಪ್ರಕಟಿಸಿದರು.

ನಿಧನ ಮತ್ತು ನಂತರ

ಆನ್ ತಮ್ಮ 86ನೆಯ ವಯಸ್ಸಿನಲ್ಲಿ ಬ್ರೂಮ್ ಕೋಟೆಯಲ್ಲಿ ನಿಧನರಾದರು. ಆಪಲ್‌ಬಿಯ ಸಂತ ಲಾರೆನ್ಸ್ ಚರ್ಚಿನಲ್ಲಿ ತಾವೇ ಕಟ್ಟಿಸಿದ್ದ ಸಮಾಧಿಯಲ್ಲಿ ಅವರನ್ನು ಹೂಳಲಾಯಿತು. ಹಿರಿಯ ಮಗಳು ಮಾರ್ಗರೆಟ್ ಥಾನೆಟ್ಟಿನ ಅರ್ಲ್ ಜಾನ್ ಟಫ್ಟನ್‌ರನ್ನು ವಿವಾಹವಾಗಿದ್ದುದರಿಂದ ಜಹಗೀರು ಮತ್ತೊಮ್ಮೆ ಹೆಣ್ಣಿನ ಮೂಲಕವೇ ಬೇರೊಂದು ಮನೆತನಕ್ಕೆ ಸಾಗಿತು. ಹಲವು ಕೋಟೆಗಳು ಬೇಡವೆನಿಸಿದ ಟಫ್ಟನ್ ಮನೆತನದವರು 18ನೇ ಶತಮಾನದಲ್ಲಿ ಬ್ರೂಮ್ ಕೋಟೆಯ ಕಟ್ಟಡ ಸಾಮಗ್ರಿಗಳನ್ನು ಮಾರಿದರು. ಇಂದು ಅದು ಪಾಳುಬಿದ್ದಿದೆ. ಸ್ಕಿಪ್ಟನ್ ಕೋಟೆ ಸುಸ್ಥಿತಿಯಲ್ಲಿದೆ.