ಸವದತ್ತಿಯ ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯ

ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರಿಗೆಲ್ಲ ಉಗರಗೋಳ ಎಂಬ ಊರು ಗೊತ್ತು. ಅದರ ಮಗ್ಗುಲಿನ ಸವದತ್ತಿಗೆ ಹಿಂದೆ ಸುಗಂಧವರ್ತಿ ಎಂಬ ಹೆಸರಿತ್ತು. ರಟ್ಟ ಮನೆತನದ ಅರಸರು ಇಲ್ಲಿಂದಲೇ ಕೂಂಡಿ ಮೂರು ಸಾವಿರ ಎಂಬ ನಾಡನ್ನು ಆಳುತ್ತಿದ್ದರು. ಮೊದಲು ಅವರು ರಾಷ್ಟ್ರಕೂಟರ, ಆಮೇಲೆ ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ದೊಡ್ಡ ಚಕ್ರವರ್ತಿಗೆ ತಲೆಬಾಗಿ ತಮ್ಮ ನಾಡನ್ನು ತಾವೇ ನೋಡಿಕೊಳ್ಳುವ ಇಂಥ ಅರಸರನ್ನು ಮಹಾಮಂಡಲೇಶ್ವರರೆಂದು ಕರೆಯುತ್ತಿದ್ದರು.

ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಚಾಲುಕ್ಯರ ಆಳ್ವಿಕೆ ಕುಸಿಯಿತು. ಆಗ ಪಟ್ಟಕ್ಕೆ ಬಂದವನು ನಾಲ್ಕನೆಯ ಕಾರ್ತವೀರ್ಯ. ಸುಮಾರು 1199ರಿಂದ 1218ರವರೆಗೆ ಅವನ ಆಳ್ವಿಕೆ. ಕಾರ್ತವೀರ್ಯನ ತಮ್ಮ ಮಲ್ಲಿಕಾರ್ಜುನ ಯುವರಾಜನಾಗಿ ಜೊತೆಗಿದ್ದ. ಅಣ್ಣತಮ್ಮಂದಿರು ಕೂಡಿಯೇ ಆಳಿದರೆಂದು ಶಾಸನಗಳು ಹೇಳುತ್ತವೆ. ಗದ್ದುಗೆಗಾಗಿ ಒಡಹುಟ್ಟಿದವರೇ ಕಾದಾಡುತ್ತಿದ್ದ ಕಾಲದಲ್ಲಿ ಇದು ಮೆಚ್ಚಬೇಕಾದ ಮಾತು.

ಅವನ ಕಾಲದಲ್ಲಿ ವೇಣುಗ್ರಾಮ, ಅಂದರೆ ಇಂದಿನ ಬೆಳಗಾವಿ, ರಟ್ಟರ ರಾಜಧಾನಿಯಾಯಿತು. ಅವನ ಮಂತ್ರಿ ಬೀಚಿರಾಜ 1204ರ ಸುಮಾರಿಗೆ ಅಲ್ಲಿ ಕಟ್ಟಿಸಿದ ಜಿನಾಲಯ ಬೆಳಗಾವಿ ಕೋಟೆಯೊಳಗೆ ಇಂದಿಗೂ ನಿಂತಿದೆ. ಜನ ಅದನ್ನು ಕಮಲ ಬಸದಿ ಎನ್ನುತ್ತಾರೆ. ಒಳಗೆ ನಿಂತು ತಲೆ ಎತ್ತಿದರೆ, ಛಾವಣಿಯಿಂದ ಕೆಳಮುಖವಾಗಿ ಇಳಿಬಿದ್ದ ದೊಡ್ಡ ಕಲ್ಲಿನ ತಾವರೆ ಕಾಣುತ್ತದೆ. ಗಟ್ಟಿ ಕಲ್ಲನ್ನು ಎಸಳು ಎಸಳಾಗಿ ಬಿಡಿಸಿದ ಶಿಲ್ಪಿಗಳ ಕೈಚಳಕ ಎಷ್ಟು ನೋಡಿದರೂ ಸಾಲದು.

ಈ ಜಿನಾಲಯದ ಪೂಜೆಗೆ, ದುರಸ್ತಿಗೆ ಅರಸನು ಆಚಾರ್ಯ ಶುಭಚಂದ್ರ ಭಟ್ಟಾರಕರಿಗೆ ಭೂಮಿಯನ್ನು ದತ್ತಿ ಬಿಟ್ಟ. ಊರಿನ ವ್ಯಾಪಾರಿಗಳೂ ತಮ್ಮ ಸರಕಿನಲ್ಲಿ ಒಂದು ಪಾಲು ಕೊಡಲು ಒಪ್ಪಿದರು. ಅವರಲ್ಲಿ ಗುಜರಾತಿನ ಕಡೆಯವರೂ ಮಲೆಯಾಳದವರೂ ಇದ್ದರು. ಎಂಟುನೂರು ವರ್ಷಗಳ ಹಿಂದೆಯೇ ಬೆಳಗಾವಿಯ ಪೇಟೆ ಅಷ್ಟು ದೂರದ ಜನರನ್ನು ಸೆಳೆದಿತ್ತು. ಇದನ್ನೆಲ್ಲ ಬರೆದಿಟ್ಟ ಎರಡು ಕನ್ನಡ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿವೆ.

ಪಾರ್ಶ್ವನಾಥಪುರಾಣ ಬರೆದ ಕವಿ ಪಾರ್ಶ್ವಪಂಡಿತ ಈ ಅರಸನ ಆಸ್ಥಾನದವನು. ರಾಜಗುರು ಮುನಿಚಂದ್ರದೇವ ಶಾಸ್ತ್ರದಲ್ಲೂ ಶಸ್ತ್ರದಲ್ಲೂ ಪಳಗಿದವನು. ರಾಜ್ಯವನ್ನು ನೆಲೆಗೊಳಿಸಿದವನೆಂದು ಸವದತ್ತಿಯ ಶಾಸನ ಅವನನ್ನು ಕೊಂಡಾಡುತ್ತದೆ.

ಕಾರ್ತವೀರ್ಯನ ನಂತರ ಮಗ ಎರಡನೆಯ ಲಕ್ಷ್ಮೀದೇವ ಆಳಿದ. 1238ರ ಹೊತ್ತಿಗೆ ದೇವಗಿರಿಯ ಸೇವುಣರ ಸೇನಾನಿ ಬೀಚಣ ರಟ್ಟರನ್ನು ಸೋಲಿಸಿದ್ದ. ಕೂಂಡಿ ನಾಡು ಸೇವುಣರ ಕೈಸೇರಿತು.