ವೈದ್ಯವರ ಶಾರ್ಕೋ

ಕೈನಡುಕದ ರೋಗಿಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ಕೈಬಿಡುತ್ತಿದ್ದ ಕಾಲವೊಂದಿತ್ತು. ಆ ಅಜ್ಞಾನವನ್ನು ನೀಗಿದ ಮಹನೀಯರಲ್ಲಿ ಝಾನ್ ಮಾರ್ಟಿನ್ ಶಾರ್ಕೋ ಅಗ್ರಗಣ್ಯರು.

1825ರಲ್ಲಿ ಪ್ಯಾರಿಸ್ ನಗರದಲ್ಲಿ ಬಂಡಿ ಮಾಡುವವನ ಮಗನಾಗಿ ಜನಿಸಿದ ಇವರು 1862ರಲ್ಲಿ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯರಾದರು. ಬಡ ವೃದ್ಧೆಯರೂ ಅಸಾಧ್ಯರೋಗಿಗಳೂ ಸಾವಿರಾರು ಸಂಖ್ಯೆಯಲ್ಲಿ ತುಂಬಿದ್ದ ಆ ಸ್ಥಳವನ್ನೇ ಇವರು ವಿದ್ಯಾಪೀಠವನ್ನಾಗಿ ಮಾಡಿಕೊಂಡರು. ಬದುಕಿರುವಾಗ ರೋಗಿಯ ಲಕ್ಷಣಗಳನ್ನು ಬರೆದಿಡುವುದು, ಮರಣಾನಂತರ ಮಿದುಳು ಬೆನ್ನುಹುರಿಗಳನ್ನು ಪರೀಕ್ಷಿಸಿ ತಾಳೆ ನೋಡುವುದು, ಇದೇ ಅವರ ಕ್ರಮ. ನರತಂತುಗಳ ಹೊದಿಕೆ ಅಲ್ಲಲ್ಲಿ ನಶಿಸಿ ಗಟ್ಟಿಕಲೆಗಳಾಗುವ, ಇಂದು ಮಲ್ಟಿಪಲ್ ಸ್ಕ್ಲೆರೋಸಿಸ್ ಎನಿಸುವ ವ್ಯಾಧಿಯನ್ನು 1868ರಲ್ಲಿ ಹೀಗೆಯೇ ಸ್ಪಷ್ಟವಾಗಿ ನಿರೂಪಿಸಿದರು. ಪಾರ್ಕಿನ್ಸನ್ ವ್ಯಾಧಿಯ ನಡುಕ ಕೈ ಸುಮ್ಮನಿರುವಾಗ ಕಾಣುವುದು. ಇದರ ನಡುಕವಾದರೋ ಕೈ ವಸ್ತುವಿನತ್ತ ಚಾಚಿದಾಗ. ಈ ಭೇದವನ್ನು ಲೋಕಕ್ಕೆ ತೋರಿಸಿಕೊಟ್ಟವರು ಇವರೇ.

ಚಿಕಿತ್ಸೆಯಲ್ಲಿ ಮಾತ್ರ ಅವರ ಕೈ ಬರಿದಾಗಿತ್ತು. ಅವರು 1893ರಲ್ಲಿ ಕಾಲವಾದರು. ವ್ಯಾಧಿಯ ಗತಿಯನ್ನೇ ತಗ್ಗಿಸುವ ಮೊದಲ ಔಷಧವಾದ ಇಂಟರ್ಫೆರಾನ್ ಅಮೆರಿಕದಲ್ಲಿ ಅಂಗೀಕೃತವಾದುದು 1993ರಲ್ಲಿ.

ಹಿಸ್ಟೀರಿಯಾ ರೋಗಿಣಿಯರನ್ನು ಅವರು ಸಭೆಯ ಮುಂದೆ ಪ್ರದರ್ಶಿಸಿದುದನ್ನು ನಾವು ಮೆಚ್ಚಲಾರೆವು. ಆದರೆ ನಿದಾನವಿಲ್ಲದೆ ಚಿಕಿತ್ಸೆಯಿಲ್ಲ. ಔಷಧಕ್ಕೆ ನೂರು ವರ್ಷ ಮೊದಲೇ ರೋಗಕ್ಕೆ ರೂಪು ಕೊಟ್ಟ ಈ ವೈದ್ಯರಿಗೂ, ಆ ಜ್ಞಾನಕ್ಕೆ ತಮ್ಮ ದೇಹವನ್ನೇ ಆಧಾರವಾಗಿತ್ತ ಅನಾಥೆಯರಿಗೂ ನಾವು ಸಮಾನವಾಗಿ ಋಣಿಗಳು.